ಶಾಲೆ ತೆರೆಯುವ ಮುನ್ನ: ಪೋಷಕರ ಪತ್ರಗಳಿಗೆ ಟೀಚರ್ ಉತ್ತರ

ಈ ತಿಂಗಳ ಟಪಾಲಿನಲ್ಲಿ ಸರ್ಕಾರಿ ಶಾಲೆಯದ್ದೇ ಮಾತು. ಬೇಸಿಗೆ ರಜೆ ಮುಗಿಯುತ್ತಾ ಬಂತು. ಮೇ ಕೊನೆಯ ವಾರದಲ್ಲಿ ಬಾಗಿಲು ತೆರೆಯುತ್ತದೆ. ‘ನಿಮ್ಮೂರಿನ ಶಾಲೆ ತೆರೆಯುವುದಕ್ಕೆ ನೀವೇನು ತಯಾರಿ ಮಾಡುತ್ತಿದ್ದೀರಿ’ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ನಾನು ಕೊಪ್ಪಳ, ಗದಗ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ, ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು. ಹಾಗಾಗಿ ನನ್ನ ಉದಾಹರಣೆಗಳೆಲ್ಲ ಆ ಸೀಮೆಯವೇ. ಹೆಸರು ಹಾಕಬೇಡಿ ಎಂದು ಹಲವರು ಬರೆದಿದ್ದಾರೆ. ಅದಕ್ಕೇ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಹೆಂಗಸರು ಶಾಲೆ ಗುಡಿಸಿ ತೊಳೆದು ಕೊಡ್ತೀವಿ ಅಂತ ಹೆಡ್ ಮಾಸ್ತರಿಗೆ ಹೇಳಿದ್ದೀವಿ. ಗುಡಿಸೋದು ಬಿಟ್ಟು ಇನ್ನೇನು ನೋಡಬೇಕು ಅಕ್ಕೋರೆ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ತಾಯಿ, ಪೊರಕೆ ಹಿಡಿಯುವ ಮೊದಲು ಸುಮ್ನೆ ಒಂದು ಸುತ್ತು ನಡೆದು ನೋಡಿ. ಒಂದೂವರೆ ತಿಂಗಳು ಮುಚ್ಚಿದ್ದ ಕಟ್ಟಡ ಅದು. ಮಕ್ಕಳಿಲ್ಲದ ಹೊತ್ತಿನಲ್ಲಿ ಅಲ್ಲಿ ಇಲಿ ಸೇರಿರುತ್ತದೆ, ಪುಸ್ತಕದ ಬೀರುವಿಗೆ ಗೆದ್ದಲು ಹತ್ತಿರುತ್ತದೆ, ಕಿಟಕಿ ಮೂಲೆಯಲ್ಲಿ ಕಣಜದ ಹುಳ ಗೂಡು ಕಟ್ಟಿರುತ್ತದೆ. ಮುರಿದ ಬೆಂಚುಗಳ ರಾಶಿ ಇದ್ದರೆ ಅದರ ಅಡಿಯಲ್ಲಿ ಹಾವು ಇರಬಹುದು. ಆ ರಾಶಿಯನ್ನು ಹಗಲು ಹೊತ್ತಿನಲ್ಲಿ, ಕಾಲಿಗೆ ಬೂಟು ಹಾಕಿದ ದೊಡ್ಡವರೇ ಉದ್ದ ಕೋಲು ಹಿಡಿದು ಸರಿಸಬೇಕು. ಮಕ್ಕಳನ್ನು ಆ ಕಡೆ ಬಿಡಬೇಡಿ. ರಜೆಯಲ್ಲಿ ಸಂಜೆ ಶಾಲೆಯ ಜಗಲಿಯ ಮೇಲೆ ಕುಡಿಯಲು ಕೂರುವವರ ವಿಷಯ ನಿಮಗೆ ಗೊತ್ತೇ ಇದೆ. ಮೈದಾನದಲ್ಲಿ ಬಾಟಲಿ ಚೂರು ಆರಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಹತ್ತು ಜನ ಸಾಲಾಗಿ ನಿಂತು, ಈ ಗೋಡೆಯಿಂದ ಆ ಗೋಡೆಯವರೆಗೆ ನೆಲ ನೋಡುತ್ತಾ ನಡೆಯಿರಿ. ಒಂದನೇ ತರಗತಿಯ ಮಕ್ಕಳು ಬರಿಗಾಲಲ್ಲಿ ಓಡುವ ಜಾಗ ಅದು.

ಆಮೇಲೆ ನೀರು. ಮೇಲಿನ ಟ್ಯಾಂಕಿನ ಮುಚ್ಚಳ ತೆಗೆಸಿ. ಹಳೆ ನೀರು ಪೂರ್ತಿ ಖಾಲಿ ಮಾಡಿಸಿ, ಒಳಗಿನ ಪಾಚಿ ಉಜ್ಜಿಸಿ, ತೊಳೆದು, ಆ ನೀರನ್ನೂ ಹೊರಗೆ ಬಿಡಿಸಿ. ಹೊಸದಾಗಿ ತುಂಬಿಸಿದ ಮೇಲೆ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಅದನ್ನು ನೇರವಾಗಿ ಟ್ಯಾಂಕಿಗೆ ಸುರಿಯಬೇಡಿ. ಬಕೆಟ್‌ನಲ್ಲಿ ಕದಡಿ, ಸುಣ್ಣದಂಥ ಗಸಿ ಕೆಳಗೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆ ಬಿಡಿ. ಎಲ್ಲ ನಲ್ಲಿಗಳನ್ನೂ ತಿರುಗಿಸಿ ನೋಡಿ. ರಜೆಯಲ್ಲಿ ನಲ್ಲಿ ಕದ್ದು ಹೋಗುವುದು ಹೊಸದೇನಲ್ಲ.

ಇನ್ನೊಂದು ಮಾತು, ಇದು ಬೋರ್‌ವೆಲ್ ನೀರು ಕುಡಿಯುವ ಊರುಗಳಿಗೆ. ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರು ಬಹಳ. ಬ್ಲೀಚಿಂಗ್ ಪೌಡರ್ ರೋಗಾಣುಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ತೆಗೆಯುವುದಿಲ್ಲ. ನೀರು ಕುದಿಸಿದರೂ ಅದು ಹೋಗುವುದಿಲ್ಲ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಹೆಂಗಸರಿಗೆ ಕಿಟ್‌ನಲ್ಲಿ ನೀರು ಪರೀಕ್ಷೆ ಮಾಡಲು ಕಲಿಸಬೇಕು ಎಂದಿದೆ. ನಿಮ್ಮ ಸಂಘದಲ್ಲೇ ಅಂಥವರು ಇರಬಹುದು. ಇಲ್ಲದಿದ್ದರೆ ಪಂಚಾಯಿತಿಯಲ್ಲಿ ಕೇಳಿ, ಶಾಲೆಯ ನಲ್ಲಿಯ ನೀರನ್ನೇ ಪರೀಕ್ಷೆ ಮಾಡಿಸಿ.

ಅಡುಗೆ ಕೋಣೆಯನ್ನು ಬಿಸಿಯೂಟದ ಅಡುಗೆಯವರ ಜೊತೆ ನಿಂತು ನೋಡಿ. ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಏಪ್ರಿಲ್‌ನಲ್ಲಿ ಉಳಿದ ಅಕ್ಕಿಗೆ ನುಸಿ ಹಿಡಿದಿದೆಯೇ, ಬೇಳೆ ಮುಗ್ಗಲು ಬಂದಿದೆಯೇ, ಉಳಿದ ಎಣ್ಣೆ ಪ್ಯಾಕೆಟ್ಟಿನ ತಾರೀಕು ಮುಗಿದಿದೆಯೇ, ಗ್ಯಾಸ್ ಪೈಪಿಗೆ ಇಲಿ ಹಲ್ಲು ಹಾಕಿದೆಯೇ. ಕೆಟ್ಟ ಧಾನ್ಯವನ್ನು ಆರಿಸಿ ಬಿಸಿಲಿಗೆ ಹಾಕಿ ‘ನಡೆಯುತ್ತೆ’ ಅನ್ನಬೇಡಿ. ಹೆಡ್ ಮಾಸ್ತರಿಂದ ಬರೆಸಿ ವಾಪಸ್ ಕೊಡಿಸಿ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟನೇ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯದ ಲೆಕ್ಕ ಇದೆ. ಮೊದಲ ದಿನಕ್ಕೆ ಸಾಕಾಗುವಷ್ಟು ಇದೆಯೇ ಎಂದು ನೀವೇ ಲೆಕ್ಕ ಹಾಕಬಹುದು.

ಈ ಸುತ್ತು ಮುಗಿಯುವಷ್ಟರಲ್ಲಿ ಎರಡು ಪಟ್ಟಿ ಮಾಡಿ. ನಮ್ಮ ಕೈಯಿಂದ ಆಗುವ ಕೆಲಸ ಒಂದು ಕಡೆ, ಸರ್ಕಾರವೇ ಮಾಡಬೇಕಾದ್ದು ಇನ್ನೊಂದು ಕಡೆ. ಗುಡಿಸುವುದು, ಟ್ಯಾಂಕ್ ತೊಳೆಯುವುದು, ಗಿಡಗಳಿಗೆ ಪಾತಿ ಮಾಡುವುದು ಮೊದಲ ಪಟ್ಟಿಗೆ. ಜೋತು ಬಿದ್ದ ವೈರು, ಬಿರುಕು ಬಿಟ್ಟ ಗೋಡೆ, ಕೆಟ್ಟ ಮೋಟರು, ಇಲ್ಲದ ಶಿಕ್ಷಕರು ಎರಡನೆಯದಕ್ಕೆ. ಎರಡನೇ ಪಟ್ಟಿಯನ್ನು ಪತ್ರವಾಗಿ ಬರೆದು, ಸಂಘದ ಎಲ್ಲರ ಸಹಿ ಹಾಕಿ, ಪಂಚಾಯಿತಿಗೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಶ್ರಮದಾನ ಮಾಡಿದ ಹೆಂಗಸರು ತಂದ ಪತ್ರವನ್ನು ಅಷ್ಟು ಸುಲಭವಾಗಿ ಯಾರೂ ಪಕ್ಕಕ್ಕೆ ಇಡುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ನಾನು ಹೊಸದಾಗಿ ಮುಖ್ಯ ಶಿಕ್ಷಕಿಯಾಗಿದ್ದೇನೆ. ‘ಎಲ್ಲ ಪೋಷಕರೂ ಬನ್ನಿ’ ಎಂದು ಡಂಗುರ ಹೊಡೆಸಿದರೂ ಬರುವುದು ಅದೇ ನಾಲ್ಕು ಜನ. ಏನು ಮಾಡಲಿ ಮೇಡಂ?
– ಶಿಕ್ಷಕಿ, ಯಾದಗಿರಿ ಜಿಲ್ಲೆ

ಎಲ್ಲರನ್ನೂ ಕರೆದರೆ ಯಾರನ್ನೂ ಕರೆದಂತೆ ಆಗುವುದಿಲ್ಲ ಅಲ್ವಾ? ಹೆಸರು ಹಿಡಿದು, ಕೆಲಸ ಹೇಳಿ ಕರೆಯಿರಿ. ಮೂರನೇ ತರಗತಿ ಹುಡುಗನ ಅಪ್ಪ ಗೌಂಡಿ ಕೆಲಸ ಮಾಡುತ್ತಾನೆ. ‘ಅಣ್ಣಾ, ಮೆಟ್ಟಿಲ ಅಂಚು ಒಡೆದಿದೆ, ಅರ್ಧ ದಿನದ ಕೆಲಸ, ಸಿಮೆಂಟು ಶಾಲೆಯಿಂದ’ ಎಂದು ಹೇಳಿ ನೋಡಿ. ಅವನು ಬರುತ್ತಾನೆ. ತನ್ನ ಕಸುಬಿಗೆ ಶಾಲೆಯಲ್ಲಿ ಬೆಲೆ ಇದೆ ಎಂದು ಗೊತ್ತಾದ ತಂದೆ ಮುಂದಿನ ಸಭೆಗೂ ಬರುತ್ತಾನೆ. ಅಕ್ಕಿ ಹಸನು ಮಾಡುವುದಕ್ಕೆ ಅಜ್ಜಿಯರನ್ನು ಕರೆಯಿರಿ. ಬಡಿಗೇರ ಮನೆಯವರಿಗೆ ಬಾಗಿಲಿನ ಚಿಲಕ ತೋರಿಸಿ.

ಚಿಲಕದ ಮಾತು ಬಂತು, ಅದನ್ನು ಸ್ವಲ್ಪ ಹೇಳಲೇಬೇಕು. ನಾನಿದ್ದ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಒಳ್ಳೆಯ ಶೌಚಾಲಯ ಇತ್ತು. ಟೈಲ್ಸ್ ಹಾಕಿದ್ದರು, ಬಣ್ಣ ಬಳಿದಿದ್ದರು. ಆದರೂ ಆರು, ಏಳನೇ ತರಗತಿಯ ಹುಡುಗಿಯರು ಅದನ್ನು ಬಳಸುತ್ತಿರಲಿಲ್ಲ. ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ತಾಯಂದಿರ ಸಭೆಯಲ್ಲಿ ಯಾರಿಗೂ ಕಾರಣ ಹೊಳೆಯಲಿಲ್ಲ. ಕೊನೆಗೆ ಹುಡುಗಿಯರನ್ನೇ ಕೂರಿಸಿಕೊಂಡು ಕೇಳಿದೆವು. ಒಳಗಿನ ಚಿಲಕ ಬಿದ್ದು ಹೋಗಿತ್ತು, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕಿತ್ತು. ನೀರಿನ ನಲ್ಲಿ ಹೊರಗೆ ಇತ್ತು, ಬಕೆಟ್ ಹಿಡಿದುಕೊಂಡು ಹುಡುಗರ ಮುಂದೆಯೇ ಹಾದು ಹೋಗಬೇಕಿತ್ತು. ಮುಟ್ಟಿನ ಬಟ್ಟೆ, ಪ್ಯಾಡು ಹಾಕಲು ಮುಚ್ಚಳದ ಡಬ್ಬಿ ಇರಲಿಲ್ಲ. ಚಿಲಕ, ಒಳಗೊಂದು ನಲ್ಲಿ, ಒಂದು ಡಬ್ಬಿ: ಮೂರೂ ಸೇರಿ ದೊಡ್ಡ ಖರ್ಚೇನೂ ಅಲ್ಲ. ಒಬ್ಬ ತಾಯಿ ತನ್ನ ತಮ್ಮನನ್ನು ಕರೆತಂದು ಚಿಲಕ ಹಾಕಿಸಿದಳು. ನಲ್ಲಿಯನ್ನು ಶಾಲಾ ಅನುದಾನದಿಂದ ಹಾಕಿಸಿದೆವು. ಅದಾದ ಮೇಲೆ ಆ ಹುಡುಗಿಯರು ತಿಂಗಳಲ್ಲಿ ತಪ್ಪಿಸುತ್ತಿದ್ದ ದಿನಗಳು ಕಡಿಮೆಯಾದವು.

ಆದ್ದರಿಂದ ತಯಾರಿಯ ಸಭೆಗೆ ಮಕ್ಕಳನ್ನೂ ಕರೆಯಿರಿ. ಯಾವ ಕೋಣೆ ಸೋರುತ್ತದೆ, ಯಾವ ಬೆಂಚಿನ ಮೊಳೆ ಲಂಗ ಹರಿಯುತ್ತದೆ, ಯಾವ ಮೂಲೆಯಲ್ಲಿ ಭಯ ಆಗುತ್ತದೆ, ಎಲ್ಲ ಅವರಿಗೆ ಗೊತ್ತು. ಕೇಂದ್ರ ಸರ್ಕಾರದ ‘ಸ್ವಚ್ಛ ವಿದ್ಯಾಲಯ’ ಯೋಜನೆಯ ಲೆಕ್ಕದಲ್ಲಿ 40 ಮಕ್ಕಳಿಗೆ ಒಂದು ಶೌಚಾಲಯ, ಮೂರು ಮೂತ್ರಾಲಯ ಇರಬೇಕು. ಸಂಖ್ಯೆಯ ಜೊತೆಗೆ ಮಕ್ಕಳು ಅದನ್ನು ಬಳಸುತ್ತಾರೋ ಇಲ್ಲವೋ ಎಂಬುದನ್ನೂ ನೋಡಿ.

ಪ್ರಶ್ನೆ: ಶಾಲೆ ತೊಳೆಯುವ ದಿನ ಶೌಚಾಲಯದ ಕೆಲಸಕ್ಕೆ ನಮ್ಮ ಕೇರಿಯವರನ್ನೇ ಕರೆಯುತ್ತಾರೆ. ತೋರಣ ಕಟ್ಟುವುದಕ್ಕೆ, ಮಕ್ಕಳಿಗೆ ಹೂ ಕೊಡುವುದಕ್ಕೆ ಬೇರೆಯವರು. ನನ್ನ ಮಗನಿಗೂ ಶಾಲೆಯಲ್ಲಿ ಅದೇ ಕೆಲಸ ಹೇಳುತ್ತಾರೇನೋ ಎಂದು ಭಯ.
– ಒಬ್ಬ ತಂದೆ, ವಿಜಯಪುರ ಜಿಲ್ಲೆ

ಅಣ್ಣಾ, ನಿಮ್ಮ ಪತ್ರ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದು ಶ್ರಮದಾನವೇ ಅಲ್ಲ. ಮುಂದಿನ ಸಲ ಕರೆದರೆ ‘ಎಲ್ಲ ಮನೆಯವರ ಹೆಸರಿನ ಚೀಟಿ ಹಾಕಿ, ಯಾರಿಗೆ ಯಾವ ಕೆಲಸ ಬರುತ್ತದೋ ಅದು’ ಎಂದು ಸಭೆಯಲ್ಲೇ ಹೇಳಿ. ಒಬ್ಬರೇ ಹೇಳಬೇಡಿ, ಕೇರಿಯ ನಾಲ್ಕೈದು ಪೋಷಕರು ಒಟ್ಟಿಗೆ ಹೋಗಿ. ಶಾಲಾ ಸಮಿತಿಯ ಅಧ್ಯಕ್ಷರ ಹೆಸರೂ ಮುಖ್ಯ ಶಿಕ್ಷಕರ ಹೆಸರೂ ಆ ಚೀಟಿಯಲ್ಲಿ ಇರಲಿ. ನಾನು ಮುಖ್ಯ ಶಿಕ್ಷಕಿಯಾಗಿದ್ದಾಗ ಶೌಚಾಲಯಕ್ಕೆ ಮೊದಲು ಬ್ರಷ್ ಹಿಡಿಯುತ್ತಿದ್ದವಳು ನಾನೇ. ಆಮೇಲೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ಗುಂಡಿ ತುಂಬಿದ್ದರೆ ಅದರೊಳಗೆ ಯಾರನ್ನೂ ಇಳಿಸುವಂತಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅದು ಅಪರಾಧ. ಪಂಚಾಯಿತಿ ಮೂಲಕ ಸಕ್ಕಿಂಗ್ ಯಂತ್ರ ತರಿಸಬೇಕು. ಶಾಲೆಯ ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸುವಂತಿಲ್ಲ. ಜಾತಿ ನೋಡಿ ನಿಮ್ಮ ಮಗನಿಗೆ ಹೇಳಿದರೆ ಅದು ಇನ್ನೂ ದೊಡ್ಡ ಅಪರಾಧ. ಹಾಗಾದರೆ ತಡಮಾಡದೆ ಬಿಇಒಗೆ ಬರೆದು ಕೊಡಿ. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಬಹುದು, ಅದಕ್ಕೆ ದುಡ್ಡಿಲ್ಲ.

ಹೂ ಕೊಡುವ ಸಾಲಿನಲ್ಲಿ ನಿಮ್ಮ ಕೇರಿಯ ತಾಯಂದಿರು ಮುಂದೆ ನಿಲ್ಲಲಿ. ಇದನ್ನು ನಿಮ್ಮ ಊರಿನ ಮುಖ್ಯ ಶಿಕ್ಷಕರು ಓದುತ್ತಿದ್ದರೆ ಅವರಿಗೂ ಹೇಳುತ್ತಿದ್ದೇನೆ.

ಪ್ರಶ್ನೆ: ಶಾಲೆ ತೆರೆಯುವ ಖರ್ಚಿಗೆ ಅಂತ ಪ್ರತಿ ಮಗುವಿಗೆ 500 ರೂಪಾಯಿ ಕೊಡಬೇಕು ಅಂತ ಸಮಿತಿಯವರು ಹೇಳ್ತಿದ್ದಾರೆ. ಕೊಡದಿದ್ದರೆ ಪುಸ್ತಕ ಕೊಡಲ್ಲವಂತೆ. ನಮಗೆ ಇಬ್ಬರು ಮಕ್ಕಳು.
– ಗೃಹಿಣಿ, ತುಮಕೂರು ಜಿಲ್ಲೆ

ಕೊಡಬೇಕಾಗಿಲ್ಲ. ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರ ಉಚಿತವಾಗಿ ಕೊಡುವಂಥವು. ಅವನ್ನು ತಡೆಹಿಡಿಯುವ ಅಧಿಕಾರ ಯಾರಿಗೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಎಂಟನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಯಾವ ಶುಲ್ಕವೂ ಇರಬಾರದು.

2022ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದಲ್ಲೇ ಒಂದು ಸುತ್ತೋಲೆ ಬಂದಿತ್ತು, ನೆನಪಿರಬಹುದು. ಎಸ್‌ಡಿಎಂಸಿಗಳು (ಅಂದರೆ ಶಾಲಾ ಸಮಿತಿಗಳು) ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದಿತ್ತು. ಕಡ್ಡಾಯವಲ್ಲ ಎಂದೇ ಬರೆದಿದ್ದರು. ಆದರೂ ಜನ ಒಪ್ಪಲಿಲ್ಲ, ಕೆಲವೇ ದಿನಗಳಲ್ಲಿ ಅದನ್ನು ವಾಪಸ್ ಪಡೆದರು. ಜನ ವಿರೋಧ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಊರಿನಲ್ಲಿ ‘ಇಷ್ಟವಿದ್ದರೆ ಕೊಡಿ’ ಎನ್ನುವ ಮಾತು ಮೂರನೇ ಮನೆ ತಲುಪುವಷ್ಟರಲ್ಲಿ ‘ಕೊಡಲೇಬೇಕು’ ಎಂದಾಗುತ್ತದೆ. ಕೊಟ್ಟವರ ಪಟ್ಟಿ ಗೋಡೆಗೆ ಬೀಳುತ್ತದೆ. ಕೊಡದವರ ಮಗು ತರಗತಿಯಲ್ಲಿ ತಲೆ ತಗ್ಗಿಸುತ್ತದೆ.

ಯಾರಾದರೂ ಮನಸಾರೆ ಕೊಟ್ಟರೆ ಬೇಡ ಎನ್ನಬೇಕಿಲ್ಲ. ರಸೀದಿ ಕೊಟ್ಟು, ಶಾಲೆಯ ಬ್ಯಾಂಕ್ ಖಾತೆಗೆ ಹಾಕಬೇಕು. ಕೈಗೆ ಕೈ ಬೇಡ. ನಿಮ್ಮ ಸಮಿತಿಯವರನ್ನು ಮೊದಲು ಒಂದು ಪ್ರಶ್ನೆ ಕೇಳಿ: ಸರ್ಕಾರದಿಂದ ಬಂದ ಶಾಲಾ ಅನುದಾನ ಎಷ್ಟು, ಅದು ಏನಾಯಿತು? ಆ ಲೆಕ್ಕ ಹೇಗೆ ಕೇಳಬೇಕು ಎನ್ನುವುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನನ್ನನ್ನು ಎಸ್‌ಡಿಎಂಸಿ ಅಧ್ಯಕ್ಷೆ ಮಾಡಿದ್ದಾರೆ. ನಾನು ಓದಿದ್ದು ಎರಡನೇ ಇಯತ್ತೆ. ಚೆಕ್ಕಿನ ಮೇಲೆ ಸಹಿ ಮಾಡು ಅಂತಾರೆ, ಮಾಡ್ತೀನಿ. ಸಹಿ ಮಾಡೋದು ಬಿಟ್ಟು ನನ್ನ ಕೆಲಸ ಏನ್ರಿ ಅಕ್ಕೋರೆ?
– ಅಧ್ಯಕ್ಷೆ, ಬಾಗಲಕೋಟೆ ಜಿಲ್ಲೆ

ತಂಗಿ, ನೀನು ಬರೆಯಿಸಿ ಕಳಿಸಿದ ಈ ಪತ್ರಕ್ಕೆ ನಾನು ಕಾಯುತ್ತಿದ್ದೆ. ಎರಡನೇ ಇಯತ್ತೆ ಸಾಕು. ಮನೆ ನಡೆಸುವವಳಿಗೆ ಲೆಕ್ಕ ಬರುತ್ತದೆ.

ಎಸ್‌ಡಿಎಂಸಿ ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ನಮ್ಮ ರಾಜ್ಯದಲ್ಲಿ ಇವು ಶುರುವಾದವು. ದೇಶದ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು ಎಷ್ಟೋ ವರ್ಷದ ಮೇಲೆ. ಆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಂದಿರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ನಿನ್ನ ಕುರ್ಚಿ ಯಾರೂ ದಯೆಯಿಂದ ಕೊಟ್ಟದ್ದಲ್ಲ. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಬಂದ ಹಣ ಹೇಗೆ ಖರ್ಚಾಗುತ್ತಿದೆ ಎಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಇವೇ ನಿನ್ನ ಕೆಲಸ.

ಹಣದ ಮಾತು ಮೊದಲು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಕ್ಕಳ ಸಂಖ್ಯೆ ನೋಡಿ ವರ್ಷದ ಅನುದಾನ ನಿಗದಿ ಮಾಡಿದ್ದಾರೆ. 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000, ಅದರ ಮೇಲೆ 1000 ಮಕ್ಕಳವರೆಗೆ 75,000. ಇದರಲ್ಲಿ ಕನಿಷ್ಠ ಶೇಕಡ 10ರಷ್ಟು ಸ್ವಚ್ಛತೆಗೇ ಹೋಗಬೇಕು. ಫಿನಾಯಿಲ್, ಪೊರಕೆ, ನಲ್ಲಿಗೆಂದು ಊರಲ್ಲಿ ಪಟ್ಟಿ ಎತ್ತುವ ಮೊದಲು ಈ ದುಡ್ಡು ಕೇಳು. ಇದು ದೊಡ್ಡ ಮೊತ್ತವೇನಲ್ಲ ಎಂದು ನಾನೂ ಬಲ್ಲೆ. ಕರೆಂಟು, ಸೀಮೆಸುಣ್ಣ, ಸಣ್ಣ ರಿಪೇರಿ ಎಲ್ಲ ಇದರಲ್ಲೇ ಆಗಬೇಕು. ಕಡಿಮೆ ಬಿದ್ದರೆ ಕಡಿಮೆ ಬಿತ್ತು ಎಂದು ಲೆಕ್ಕ ಸಮೇತ ಮೇಲಿನವರಿಗೆ ಬರೆಯಬೇಕು.

ಖಾತೆಯಲ್ಲಿ ನಿನ್ನದೂ ಮುಖ್ಯ ಶಿಕ್ಷಕರದೂ ಇಬ್ಬರ ಸಹಿ ಬೇಕು. ಒಬ್ಬರ ಮೇಲೊಬ್ಬರ ಕಣ್ಣಿರಲಿ ಎಂದೇ ಹಾಗೆ ಮಾಡಿದ್ದಾರೆ. ಸಹಿ ಮಾಡುವ ಮೊದಲು ‘ಸರ್, ಇದು ಯಾವುದಕ್ಕೆ, ಬಿಲ್ಲು ಎಲ್ಲಿ, ಸಾಮಾನು ಎಲ್ಲಿದೆ’ ಎಂದು ಕೇಳು. ಹೋಗಿ ಸಾಮಾನು ಮುಟ್ಟಿ ನೋಡು. ಖಾಲಿ ಚೆಕ್ಕಿಗೆ ಎಂದೂ ಸಹಿ ಹಾಕಬೇಡ. ಪ್ರತಿ ಸಭೆಯಲ್ಲೂ ಕ್ಯಾಶ್ ಬುಕ್ ಗಟ್ಟಿಯಾಗಿ ಓದಿಸು. ಓದಲು ಬೇರೆ ಯಾರೂ ಸಿಗದಿದ್ದರೆ ಏಳನೇ ತರಗತಿಯ ಜಾಣ ಹುಡುಗಿಯೊಬ್ಬಳು ಸಾಕು. ಒಳ್ಳೆಯ ಮುಖ್ಯ ಶಿಕ್ಷಕರು ಇದಕ್ಕೆ ಬೇಸರ ಪಡುವುದಿಲ್ಲ. ಲೆಕ್ಕ ಎಲ್ಲರ ಎದುರು ಇದ್ದರೆ ಅವರಿಗೂ ಹಗುರ.

ಇನ್ನು ಯೋಜನೆ. ಇದನ್ನು ಸ್ವಲ್ಪ ನಿಧಾನವಾಗಿ ಕೇಳು, ಬಹಳ ಸಮಿತಿಗಳು ಎಡವುವುದು ಇಲ್ಲೇ. ಮೇ ತಿಂಗಳಲ್ಲಿ ಎಲ್ಲರಿಗೂ ಶಾಲೆ ನೆನಪಾಗುತ್ತದೆ. ಆಗ ಹೋಗಿ ‘ಎರಡು ಕೋಣೆ ಕೊಡಿ, ಕಾಂಪೌಂಡ್ ಕೊಡಿ’ ಎಂದರೆ ಆ ವರ್ಷದ ಲೆಕ್ಕ ಆಗಲೇ ಮುಗಿದಿರುತ್ತದೆ. ಶಿಕ್ಷಣ ಹಕ್ಕಿನ 2010ರ ಕೇಂದ್ರ ನಿಯಮಗಳ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಮೂರು ವರ್ಷದ್ದು. ಹಣಕಾಸು ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ ಅದು ತಯಾರಾಗಬೇಕು. ಮಾರ್ಚ್ 31ಕ್ಕೆ ವರ್ಷ ಮುಗಿದರೆ ಡಿಸೆಂಬರ್ ಕೊನೆಗೆ ನಿಮ್ಮ ಕಾಗದ ಸಿದ್ಧವಿರಬೇಕು. ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಕಡಿಮೆ, ಯಾವ ಕೋಣೆ, ಯಾವ ಸಾಮಾನು ಎಂದು ಅದರಲ್ಲಿ ಇರಬೇಕು. ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61ರಿಂದ 90 ಇದ್ದರೆ ಮೂವರು ಎಂದು ಕಾಯ್ದೆಯೇ ಹೇಳುತ್ತದೆ. ಈ ಮೇ ತಿಂಗಳಲ್ಲಿ ಶಾಲೆ ಸುತ್ತುವಾಗ ಕಂಡದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ ಇಟ್ಟುಕೋ. ದಸರಾ ರಜೆ ಮುಗಿದ ಮೇಲೆ ಅದೇ ನೋಟ್‌ಬುಕ್ ಹಿಡಿದು ಯೋಜನೆಗೆ ಕೂರು.

ನೀನು ಕೇಳಿದ ಲೆಕ್ಕ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಆದರೆ ಅದು ಕೊನೆಯ ದಾರಿ. ಮೊದಲು ಎದುರು ಕೂತು ಕೇಳು.

ಪ್ರಶ್ನೆ: ಪೋಷಕರ ಸಭೆ ಯಾವಾಗಲೂ ಬೆಳಿಗ್ಗೆ 11ಕ್ಕೆ. ಆ ದಿನದ ಕೂಲಿ ಬಿಟ್ಟು ಹೋಗಬೇಕಾ? ಹೋಗದಿದ್ದರೆ ‘ಮಕ್ಕಳ ಬಗ್ಗೆ ಕಾಳಜಿ ಇಲ್ಲ’ ಅಂತಾರೆ.
– ಕೂಲಿ ಕಾರ್ಮಿಕ, ರಾಯಚೂರು ಜಿಲ್ಲೆ

ಕೂಲಿ ಬಿಡಬೇಡಿ. ಸಭೆಯ ಹೊತ್ತನ್ನು ಬದಲಿಸಲು ಹೇಳಿ. ಸಂಜೆ ಆರರ ಮೇಲೆ ಇಡಬಹುದು. ನಮ್ಮ ಕಡೆ ಅಮಾವಾಸ್ಯೆಯ ದಿನ ಹೊಲದ ಕೆಲಸ ಇರುವುದಿಲ್ಲ, ಅಂದು ಇಡಬಹುದು. ನಾನು ಅಮಾವಾಸ್ಯೆಗೇ ಇಡುತ್ತಿದ್ದೆ, ಜಗಲಿ ತುಂಬುತ್ತಿತ್ತು. ಶಾಲೆಗೆ ಬರಲು ಆಗದವರ ಕೇರಿಗೆ ಶಾಲೆಯೇ ಹೋಗಬೇಕು. ಗುಡಿಯ ಕಟ್ಟೆಯಲ್ಲಿ ಬೇಡ, ಎಲ್ಲರೂ ಕೂರಬಹುದಾದ ಬಯಲಿನಲ್ಲಿ. ಈ ಉತ್ತರವನ್ನು ಕತ್ತರಿಸಿ ನಿಮ್ಮ ಮುಖ್ಯ ಶಿಕ್ಷಕರಿಗೆ ತೋರಿಸಿ.

ಪ್ರಶ್ನೆ: ನಮ್ಮೂರ ಶಾಲೆಯ ಎರಡು ಕೋಣೆ ಮಳೆಗೆ ಸೋರುತ್ತವೆ, ತೊಲೆ ಬಾಗಿದೆ. ಊರವರೇ ಸೇರಿ ಹೆಂಚು ಹೊದಿಸಿಬಿಡೋಣ ಅಂತ ಯುವಕರು ಹೇಳುತ್ತಿದ್ದಾರೆ. ಹಳೆ ವಿದ್ಯಾರ್ಥಿಗಳು ಸ್ವಾಗತ ಕಮಾನು, ಸ್ಮಾರ್ಟ್ ಟಿವಿ ಕೊಡುತ್ತೇವೆ ಎನ್ನುತ್ತಿದ್ದಾರೆ.
– ಎಸ್‌ಡಿಎಂಸಿ ಸದಸ್ಯ, ಶಿವಮೊಗ್ಗ ಜಿಲ್ಲೆ

ಕೋತಿ ಸರಿಸಿದ ಹೆಂಚನ್ನು ಊರವರು ಸರಿಮಾಡಬಹುದು. ತೊಲೆ ಬಾಗಿದ್ದರೆ ಮುಟ್ಟಬೇಡಿ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಚಾವಣಿ ಬೆಳಿಗ್ಗೆ ಹೊತ್ತಲ್ಲೇ ಕುಸಿದು 7 ಮಕ್ಕಳು ಸತ್ತರು. ಮಳೆಗಾಲದ ಮೊದಲ ತಿಂಗಳುಗಳೇ ಹೆಚ್ಚು ಅಪಾಯ.

ಇಂದೇ ಆ ಎರಡು ಕೋಣೆಗೆ ಬೀಗ ಹಾಕಿಸಿ. ಬಾಗಿಲಿಗೆ ಅಡ್ಡ ಪಟ್ಟಿ ಹೊಡೆಸಿ, ಆ ಜಗಲಿಯಲ್ಲೂ ಮಕ್ಕಳು ಆಡದಂತೆ ಮಾಡಿ. ಫೋಟೋ ತೆಗೆದು, ತಾರೀಕು ಬರೆದು, ಎಂಜಿನಿಯರ್ ಬಂದು ಪರೀಕ್ಷೆ ಮಾಡಬೇಕು ಎಂದು ಬಿಇಒ ಹಾಗೂ ಪಂಚಾಯಿತಿಗೆ ಬರೆಯಿರಿ. ಅಲ್ಲಿಯವರೆಗೆ ಪಾಠಕ್ಕೆ ಬೇರೆ ಜಾಗ ಬೇಕಲ್ಲ? ಸಮುದಾಯ ಭವನ, ಹಾಲಿನ ಡೇರಿಯ ದೊಡ್ಡ ಕೋಣೆ, ಖಾಲಿ ಮನೆ, ಏನಿದೆಯೋ ಹುಡುಕಿ ಕೊಡುವುದು ಊರವರು ಮಾಡಬಹುದಾದ ದೊಡ್ಡ ಉಪಕಾರ. ಯುವಕರ ಉತ್ಸಾಹವನ್ನು ಅಲ್ಲಿ ಹಾಕಿ.

ಕಮಾನು ಬೇಡ. ಟಿವಿಯನ್ನು ಈ ವರ್ಷ ಬೇಡ ಎಂದು ಪ್ರೀತಿಯಿಂದ ಹೇಳಿ. ಸೋರುವ ಕೋಣೆಯಲ್ಲಿ ಅದನ್ನು ಎಲ್ಲಿ ಇಡುತ್ತೀರಿ? ಹಳೆ ವಿದ್ಯಾರ್ಥಿಗಳಿಗೆ ಶಾಲೆಯ ನಿಜವಾದ ಪಟ್ಟಿ ಕಳಿಸಿ: ಗಾಲಿಕುರ್ಚಿ ಹತ್ತುವ ಇಳಿಜಾರು, ಕೈ ತೊಳೆಯುವ ನಲ್ಲಿಗಳ ಸಾಲು, ಓದುವ ಪುಸ್ತಕಗಳು, ಎರಡು ವರ್ಷ ಮೋಟರ್ ನಿರ್ವಹಣೆ. ಹೆಸರು ಬರೆಸಬೇಕು ಎಂದರೆ ನಲ್ಲಿಯ ಗೋಡೆಯ ಮೇಲೂ ಬರೆಸಬಹುದು.

ಪ್ರಶ್ನೆ: ನನ್ನ ಅಕ್ಕ ಫಿಲಿಪ್ಪೀನ್ಸ್‌ನಲ್ಲಿದ್ದಾಳೆ. ಅಲ್ಲಿ ಶಾಲೆ ತೆರೆಯುವ ಮುಂಚೆ ಇಡೀ ಊರೇ ಬಂದು ಕೆಲಸ ಮಾಡುತ್ತದಂತೆ. ನಿಜವೇ? ನಮ್ಮಲ್ಲಿ ಯಾಕಿಲ್ಲ?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ನಿಜ. ‘ಬ್ರಿಗಾಡಾ ಎಸ್ಕ್ವೆಲಾ’ ಎನ್ನುತ್ತಾರೆ. 2003ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಶುರು ಮಾಡಿತು. ಶಾಲೆ ತೆರೆಯುವ ಮುಂಚಿನ ದಿನಗಳಲ್ಲಿ ಪೋಷಕರು, ಶಿಕ್ಷಕರು, ಹಳೆ ವಿದ್ಯಾರ್ಥಿಗಳು, ಅಂಗಡಿಯವರು, ಪೊಲೀಸರು, ಸೈನಿಕರು ಕೂಡ ಬಂದು ಬೆಂಚು ರಿಪೇರಿ ಮಾಡುತ್ತಾರೆ, ಬಣ್ಣ ಬಳಿಯುತ್ತಾರೆ. ಚಂಡಮಾರುತ ಪದೇ ಪದೇ ಬರುವ ದೇಶ ಅದು, ಶಾಲೆಗಳಿಗೆ ಪೆಟ್ಟು ಜಾಸ್ತಿ. ಪೋಷಕರಿಂದ ಹಣ ವಸೂಲಿ ಮಾಡಬಾರದು ಎಂದೂ ಅಲ್ಲಿನ ಇಲಾಖೆ ಹೇಳುತ್ತಾ ಬಂದಿದೆ. ಆ ಭಾಗ ನನಗೆ ತುಂಬಾ ಹಿಡಿಸಿತು.

ನಮ್ಮಲ್ಲಿ ಇಲ್ಲ ಎನ್ನಬೇಡಮ್ಮಾ. ಮುಯ್ಯಾಳು ಕಟ್ಟಿ ಹೊಲದ ಕೆಲಸ ಮಾಡಿದ ಜನ ನಾವು. ಎಷ್ಟೋ ಹಳ್ಳಿಗಳಲ್ಲಿ ಶಾಲೆಗೆ ಜಾಗ ಕೊಟ್ಟವರು ಊರಿನ ರೈತರೇ. ನಮ್ಮಲ್ಲೂ ದಾಖಲಾತಿ ಆಂದೋಲನ, ಪ್ರಾರಂಭೋತ್ಸವ ಇವೆ. ಕೊರತೆ ಇರುವುದು ಮೊದಲೇ ಗೊತ್ತಿರುವ ಒಂದು ದಿನದ್ದು. ನಿನ್ನ ಊರಿನ ಶಾಲೆ ಯಾವುದೋ ಅಲ್ಲಿ ಮೇ ಮೂರನೇ ಭಾನುವಾರ ಎಂದು ಗೊತ್ತು ಮಾಡಿ, ವರ್ಷ ವರ್ಷ ಅದೇ ದಿನ ನಡೆಸಿ ನೋಡಿ.

ಪ್ರಶ್ನೆ: ನಾವು ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದಿದ್ದೇವೆ. ಮಗಳಿಗೆ ಒಂಬತ್ತು ವರ್ಷ, ಎರಡು ವರ್ಷದಿಂದ ಶಾಲೆಗೆ ಹೋಗಿಲ್ಲ. ಟಿಸಿ ಇಲ್ಲ, ಜನನ ಪತ್ರ ಊರಲ್ಲಿ ಕಳೆದಿದೆ. ಹತ್ತಿರದ ಸರ್ಕಾರಿ ಶಾಲೆ ತೆರೆದ ಮೇಲೆ ಸೇರಿಸಿಕೊಳ್ಳುತ್ತಾರಾ?
– ಒಬ್ಬ ತಾಯಿ, ಬೆಂಗಳೂರು

ಸೇರಿಸಿಕೊಳ್ಳಲೇಬೇಕು ತಾಯಿ. ಮೂರು ಮಾತು ನೆನಪಿಟ್ಟುಕೊಳ್ಳಿ. ವಯಸ್ಸಿನ ದಾಖಲೆ ಇಲ್ಲ ಎಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಟಿಸಿ ತಡವಾಯಿತು ಎಂಬ ಕಾರಣಕ್ಕೂ ಬೇಡ ಎನ್ನುವಂತಿಲ್ಲ. ಎರಡು ವರ್ಷ ತಪ್ಪಿದ್ದರೂ ಅವಳನ್ನು ಒಂಬತ್ತು ವರ್ಷದ ಮಕ್ಕಳು ಓದುವ ತರಗತಿಗೇ ಸೇರಿಸಿ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಎಲ್ಲವೂ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇವೆ: 14, 5 ಮತ್ತು 4ನೇ ಸೆಕ್ಷನ್.

ಒಬ್ಬರೇ ಹೋಗಬೇಡಿ. ನಿಮ್ಮ ಶೆಡ್ಡಿನಲ್ಲಿ ಇಂಥ ಮಕ್ಕಳು ಇನ್ನೂ ಇರುತ್ತಾರೆ. ಎಲ್ಲರ ಹೆಸರು, ವಯಸ್ಸು ಬರೆದುಕೊಂಡು ಒಟ್ಟಿಗೆ ಹೋಗಿ. ಆ ಶಾಲೆಯ ಎಸ್‌ಡಿಎಂಸಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಕೋರಿಕೆ. ಗೋಡೆಗೆ ಬಣ್ಣ ಆಮೇಲೆ ಬಳಿಯಬಹುದು. ಮೊದಲು ಹತ್ತಿರದ ಕಟ್ಟಡ ಕೆಲಸದ ಶೆಡ್ಡುಗಳಿಗೆ ಒಂದು ಸಂಜೆ ಹೋಗಿ ಬನ್ನಿ, ಮಕ್ಕಳನ್ನು ಕರೆಯಿರಿ. ಇದೂ ಶಾಲೆ ತೆರೆಯುವ ತಯಾರಿಯೇ.

ಶಾಲೆಯಲ್ಲಿ ಬೇಡ ಎಂದರೆ ಜಗಳ ಮಾಡಬೇಡಿ. ‘ಬೇಡ ಎಂದು ಬರೆದುಕೊಡಿ ಸರ್’ ಎಂದು ಕೇಳಿ. ಬಹಳ ಸಲ ಅಲ್ಲಿಗೇ ಬಾಗಿಲು ತೆರೆಯುತ್ತದೆ. ಆಗಲೂ ಆಗದಿದ್ದರೆ ಬಿಇಒ ಕಚೇರಿಗೆ ಹೋಗಿ, ಅಲ್ಲಿಂದ ಮುಂದಕ್ಕೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಏನಾಯಿತೆಂದು ನನಗೊಂದು ಪತ್ರ ಹಾಕಿ. ಅರ್ಜಿ ಹೇಗೆ ಬರೆಯಬೇಕೆಂದು ಗೊತ್ತಾಗದಿದ್ದರೆ ಅದನ್ನೂ ತಿಳಿಸಿ, ನಾನೇ ಬರೆದು ಕಳಿಸುತ್ತೇನೆ.